ಯಕ್ಷಗಾನಕ್ಕೆ ಯಾವ ಲೆನ್ಸ್?

ಪ್ರಶ್ನೆ: ಮುಂಬೈಯ ಸಭಾಗೃಹಗಳಲ್ಲಿ ಯಕ್ಷಗಾನದ ಫೋಟೋ ತೆಗೆಯುತ್ತೇನೆ. ಫುಲ್‌ಫ್ರೇಮ್ ಕ್ಯಾಮೆರಾ ಇದೆ, ಫ್ಲ್ಯಾಶ್ ಹಾಕುವಂತಿಲ್ಲ. 85, 135, 200 ಎಂಎಂ ಪ್ರೈಮ್‌ಗಳಲ್ಲಿ (ಝೂಮ್ ಇಲ್ಲದ ಲೆನ್ಸ್‌ಗಳಲ್ಲಿ) ಯಾವುದು ಕೊಳ್ಳಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೀವು ಕೂರುವ ಜಾಗದಿಂದ ರಂಗಕ್ಕೆ ಎಷ್ಟು ಮೀಟರ್ ಎಂದು ಮೊದಲು ಅಂದಾಜು ಮಾಡಿ. ಕ್ಯಾಮೆರಾವನ್ನು ನೆಟ್ಟಗೆ (ಪೋರ್ಟ್ರೇಟ್) ಹಿಡಿದಾಗ ಫುಲ್‌ಫ್ರೇಮ್ ಸೆನ್ಸರಿನ, ಅಂದರೆ ಚಿತ್ರ ಮೂಡುವ ಫಲಕದ, ಎತ್ತರ 36 ಎಂಎಂ. ಇದನ್ನು ದೂರದಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ (ಲೆನ್ಸಿನ ಆ 85, 135, 200 ಎಂಎಂ ಸಂಖ್ಯೆಯಿಂದ) ಭಾಗಿಸಿದರೆ ಫ್ರೇಮಿಗೆ ಸಿಗುವ ಎತ್ತರ ಗೊತ್ತಾಗುತ್ತದೆ. 10 ಮೀಟರ್ ದೂರಕ್ಕೆ 135ರಲ್ಲಿ ಸುಮಾರು 2.7 ಮೀಟರ್, ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ವೇಷ ಪೂರ್ತಿ ಬರುತ್ತದೆ. 200ರಲ್ಲಿ 1.8 ಮೀಟರ್ ಮಾತ್ರ, ಕಿರೀಟವೋ ಕಾಲೋ ತುಂಡಾಗುವುದು ಖಂಡಿತ. 85 ಮುಂದಿನ ಸಾಲಿನವರಿಗೆ.

ನಮ್ಮ ಆಯ್ಕೆ 135 ಎಫ್/1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ). ಬೆಳಕಿನ ಲಾಭ ದೊಡ್ಡದು: ಇದರಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 3200 ಸಾಕಾಗುವ ಕಡೆ 200 ಎಫ್/2.8ಕ್ಕೆ ಸುಮಾರು 8000 ಬೇಕು. ಧೀಂಗಿಣಕ್ಕೆ (ರಭಸದಿಂದ ತಿರುಗುತ್ತ ಹಾರುವ ಕುಣಿತಕ್ಕೆ) ಶಟರ್ ವೇಗ ಕನಿಷ್ಠ 1/500 ಸೆಕೆಂಡ್ ಇರಲಿ. ಎಲ್‌ಇಡಿ ದೀಪಗಳಡಿ ಚಿತ್ರದಲ್ಲಿ ಅಡ್ಡಪಟ್ಟೆ ಬಂದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬದಲಿಸಿ. ಅರ್ಥಗಾರಿಕೆ (ಪಾತ್ರಗಳ ಮಾತುಗಾರಿಕೆ) ನಡೆಯುವಾಗ 1/100 ಸಾಕು. ಎಫ್/1.8ರಲ್ಲಿ 10 ಮೀಟರಿಗೆ ಫೋಕಸ್ ಆಳ (ಚೂಪಾಗಿ ಕಾಣುವ ಭಾಗ) ಸುಮಾರು 60 ಸೆಂ.ಮೀ., 5 ಮೀಟರಿಗೆ ಬರೀ 15. ಹತ್ತಿರ ಹೋದರೆ ಕಣ್ಣು ಚೂಪಾಗಿದ್ದರೂ ಭುಜಕೀರ್ತಿ ಮಸುಕಾಗುತ್ತದೆ, ಆಗ ಎಫ್/2.8ಕ್ಕೆ ಇಳಿಸಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನೊಳಗೆ ನೋಡಿ. ಜೇಡರಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬೇಡವೇ ಬೇಡ. ಮುಂಬೈ ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಶೇ. 40–50ರೊಳಗೆ ಇರುವಂತೆ ನೋಡಿಕೊಳ್ಳಿ.