ಕ್ರೆಡಿಟ್ ಕಾರ್ಡ್ ಬಾಕಿಗೆ ಕೋರ್ಟ್ ಸಮನ್ಸ್ ಬಂದಿದೆ, ಹೋಗದಿದ್ದರೆ ಏನಾಗುತ್ತೆ?

ಸಮನ್ಸ್ ಕೈಗೆ ಬಂದಿದೆ, ಕಟ್ಟಲು ದುಡ್ಡಿಲ್ಲ, ಜೈಲಿಗೆ ಹಾಕ್ತಾರಾ ಅಂತ ಕೇಳಿದ್ದೀರಿ. ದುಡ್ಡಿಲ್ಲ ಅನ್ನೋ ಕಾರಣಕ್ಕೆ ಹಾಕಲ್ಲ. ಇದು ಸಿವಿಲ್ ದಾವೆ. ಚೆಕ್ ಬೌನ್ಸ್ ಆಗಿದ್ದರೆ ಅದು ಬೇರೆ, ಕ್ರಿಮಿನಲ್ ಕೇಸು. ಆದರೆ ಕೋರ್ಟಿಗೆ ಹೋಗದೆ ಮಾತ್ರ ಇರಬೇಡಿ.

ನನ್ನ ಕಥೆ ಕೇಳಿ. ಬೆಂಗಳೂರಿನಲ್ಲಿ ಮನೆ ಬದಲಾಯಿಸಿದ್ದೆ, ಬ್ಯಾಂಕಿಗೆ ಹೊಸ ವಿಳಾಸ ಕೊಟ್ಟಿರಲಿಲ್ಲ. ಸಮನ್ಸ್ ಹಳೇ ಮನೆ ಬಾಗಿಲಿಗೆ ಅಂಟಿಸಿ ಹೋಗಿದ್ದರಂತೆ. ಎಚ್‌ಆರ್‌ನವರು ಕರೆದು ಸಂಬಳ ಜಪ್ತಿ ಆದೇಶ ತೋರಿಸಿದಾಗಲೇ ನನಗೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನಾನು ಹೋಗದೆ ಇದ್ದಾಗ ಬ್ಯಾಂಕಿನ ಮಾತಷ್ಟೇ ಕೇಳಿ ಕೊಟ್ಟ ತೀರ್ಪು, ಆಗಿದ್ದು ಗೊತ್ತಾಗಿದ್ದು. ಅದನ್ನು ರದ್ದು ಮಾಡಿಸಲು ಗೊತ್ತಾದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕಿತ್ತು, ವಕೀಲರ ಹಿಂದೆ ಓಡಾಡಿ ಸುಸ್ತಾಯಿತು. ನಿಮಗೆ ಸಮನ್ಸ್ ಕೈಗೇ ಸಿಕ್ಕಿದೆಯಲ್ಲ, ಪುಣ್ಯ.

ಈಗ ಸಮನ್ಸ್ ಸಿಕ್ಕಿದ ತಾರೀಕನ್ನು ಅದರ ಮೇಲೇ ಬರೆದಿಡಿ. ಅಲ್ಲಿಂದ 30 ದಿನದೊಳಗೆ ರಿಟನ್ ಸ್ಟೇಟ್‌ಮೆಂಟ್ (ದಾವೆಗೆ ನಿಮ್ಮ ಲಿಖಿತ ಉತ್ತರ) ಹಾಕಬೇಕು, ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಬಿಡಬಹುದು. ವಕೀಲರಿಗೆ ವಕಾಲತ್ತು ಕೊಟ್ಟು ಬ್ಯಾಂಕಿನ ದಾವಾ ಪತ್ರ, ಅದರ ಜೊತೆಗಿಟ್ಟ ಕಾರ್ಡ್ ಸ್ಟೇಟ್‌ಮೆಂಟುಗಳನ್ನು ಒಂದೊಂದಾಗಿ ಓದಿ. ಖರ್ಚು ಮಾಡಿದ್ದೆಷ್ಟು, ಬಡ್ಡಿ ಎಷ್ಟು, ಲೇಟ್ ಫೀ ಎಷ್ಟು, ನೀವು ಕಟ್ಟಿದ್ದು ಜಮಾ ಆಗಿದೆಯಾ ಅಂತ ನೋಡಿ. ನನ್ನ ಲೆಕ್ಕದಲ್ಲಿ ಕಟ್ಟಿದ ಎರಡು ಕಂತು ಕಾಣಿಸಿರಲೇ ಇಲ್ಲ! ಸುಮ್ನೆ 'ಎಲ್ಲ ಸುಳ್ಳು' ಅಂತ ಬರೆಯುವುದಕ್ಕಿಂತ ಇಂಥ ತಪ್ಪು ತೋರಿಸಿದರೆ ಜಾಸ್ತಿ ತೂಕ.

ಇನ್ನೊಂದು, ಇಂಥ ಬಾಕಿಗೆ ಬ್ಯಾಂಕು ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿ ಮುಗಿಯುವ ಮುಂಚೆ 'ಬಾಕಿ ಇದೆ' ಅಂತ ನೀವೇ ಬರೆದು ಸಹಿ ಹಾಕಿದ್ದರೆ ಆ ದಿನದಿಂದ ಎಣಿಕೆ ಮತ್ತೆ ಶುರು. ಅದಕ್ಕೇ ರಿಕವರಿಯವರು ಚಾಚಿದ ಕಾಗದಕ್ಕೆಲ್ಲ ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಬಾಕಿ ನಿಜವೇ ಆಗಿದ್ದರೆ ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಿ, ನಾನು ಕೊನೆಗೆ ಮಾಡಿದ್ದೂ ಅದನ್ನೇ, ಕಂತಿನಲ್ಲಿ ಕಟ್ಟಿದೆ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ, ಹಾಗಾಗಿ ಕಟ್ಟಲು ಆಗುವಷ್ಟಕ್ಕೇ ಒಪ್ಪಿ. ವಕೀಲರ ಫೀಸಿಗೂ ಕಷ್ಟ ಅಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಎಸ್‌ಸಿ ಎಸ್‌ಟಿಯವರಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಸಮನ್ಸ್ ಮೇಲೆ 'ಆರ್ಡರ್ 37' (ಬೇಗ ತೀರ್ಮಾನ ಮಾಡುವ ಸಮ್ಮರಿ ದಾವೆ) ಅಂತ ಇದೆಯಾ? ಇದ್ದರೆ 30 ದಿನದ ಲೆಕ್ಕ ಮರೆತುಬಿಡಿ, 10 ದಿನದೊಳಗೆ ಹಾಜರಿ ಹಾಕಬೇಕು. ನಾಳೆ ಬೆಳಿಗ್ಗೆಯೇ ವಕೀಲರ ಹತ್ತಿರ ಹೋಗಿ.