ತೋಳವಾದವನ ಹಿಮ್ಮಡಿ ಎಲ್ಲಿ ಹೋಯಿತು?

ಮಾಯಾಲೋಕದ ಕಥೆ ಬರೆಯುವವರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ತೋಳಮನುಷ್ಯನ ಬಗ್ಗೆಯೇ ಇರುತ್ತವೆ. ಅದರಲ್ಲೂ ಕೆಲವು ಪ್ರಶ್ನೆಗಳು ಬೇಡವೆಂದರೂ ತಿರುತಿರುಗಿ ಬರುತ್ತವೆ. ‘ಮಂತ್ರ ಇದೆಯಲ್ಲ, ಏನು ಬೇಕಾದರೂ ಆಗಬಹುದು’ ಎಂಬ ಉದಾಸೀನವೇ ಇವುಗಳ ಬೇರು. ಹಾಗಾಗುವುದಿಲ್ಲ. ಮನುಷ್ಯ ತೋಳವಾದ ಎಂಬ ಒಂದು ಅಸಾಧ್ಯವನ್ನು ಓದುಗ ಒಪ್ಪುತ್ತಾನೆ, ಆದರೆ ಆಮೇಲೆ ಬರುವ ತೋಳ ತೋಳದಂತೆಯೇ ಇರಬೇಕು. ತೋಳಮನುಷ್ಯ ಎಂದರೆ ಯಾರು, ಎಷ್ಟು ಬಗೆ ಎಂಬ ಪೀಠಿಕೆಯನ್ನು ಬಿಟ್ಟು ನೇರ ಪ್ರಶ್ನೆಗಳಿಗೆ ಬರುತ್ತೇನೆ.

ಪ್ರಶ್ನೆ: ನನ್ನ ನಾಯಕನ ತೂಕ 65 ಕೆ.ಜಿ. ಶಾಪದಿಂದ ಕುದುರೆಯಷ್ಟು ದೊಡ್ಡ ತೋಳವಾಗುತ್ತಾನೆ. ಮೂಳೆ ಮುರಿಯುವ ಸದ್ದು, ಕಿರುಚಾಟ ಎಲ್ಲ ಹಾಕಿದ್ದೇನೆ. ಆದರೂ ರೂಪ ಬದಲಾಗುವ ಸನ್ನಿವೇಶ ಸಪ್ಪೆಯಾಗಿದೆ. ಇನ್ನೇನು ಬೇಕು?

ಉತ್ತರ: ಸದ್ದು, ಕಿರುಚಾಟ ತೆಗೆದುಹಾಕಿ, ಮೊದಲು ತೂಕದ ಲೆಕ್ಕ ಮಾಡಿ. ಕುದುರೆಯನ್ನು 400 ಕೆ.ಜಿ. ಎಂದುಕೊಂಡರೂ ಉಳಿದ 335 ಕೆ.ಜಿ. ಎಲ್ಲಿಂದ ಬಂತು? ಬೆಳಗಾದಾಗ ಎಲ್ಲಿ ಹೋಯಿತು? ಮಂತ್ರವೇ ತಂದಿತು ಎನ್ನುವುದಾದರೆ ಅದು ಯಾವುದನ್ನು ಹೀರಿ ತಂದಿತು ಎಂದು ತೋರಿಸಿ. ಸುತ್ತಲ ಹುಲ್ಲು ಒಣಗಲಿ, ಬಾವಿಯ ನೀರು ಇಳಿಯಲಿ. ಅದು ಬೇಡವಾದರೆ ತೂಕವನ್ನು ಇದ್ದಷ್ಟೇ ಇಡಿ. ನಮ್ಮ ಬಯಲುಸೀಮೆಯ ತೋಳ 20 ಕೆ.ಜಿ. ಆಸುಪಾಸಿನ ಪ್ರಾಣಿ. ಹಿಮದ ನಾಡಿನ ಗಂಡು ತೋಳ 40–50 ಕೆ.ಜಿ. ತೂಗಿದರೆ ದೊಡ್ಡದೇ. ಹಾಗಿರುವಾಗ 65 ಕೆ.ಜಿ.ಯ ತೋಳ ಕುರಿಹಟ್ಟಿಯ ಮುಂದೆ ನಿಂತರೆ ಅದೇ ಸಾಕಷ್ಟು ಭಯಂಕರ. ಕುದುರೆಯ ಗಾತ್ರ ಬೇಕಾಗಿಲ್ಲ.

ಇನ್ನು ಮೂಳೆಗಳು. ತೋಳದ ಹಿಂಗಾಲಿನ ನಡುವೆ ಹಿಂದಕ್ಕೆ ಬಾಗಿದಂತೆ ಕಾಣುವ ಗಂಟನ್ನು ಎಲ್ಲರೂ ‘ತಿರುಗಿದ ಮಂಡಿ’ ಎಂದು ಬರೆಯುತ್ತಾರೆ. ಅದು ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಮೇಲೆ ಹೊಟ್ಟೆಯ ಹತ್ತಿರ ಇದ್ದು, ನಮ್ಮದರಂತೆಯೇ ಮುಂದಕ್ಕೆ ಬಾಗುತ್ತದೆ. ಆದ್ದರಿಂದ ಮಂಡಿ ಹಿಂದುಮುಂದಾಗಿ ತಿರುಗಬೇಕಿಲ್ಲ. ಪಾದ ಉದ್ದವಾಗಿ, ಹಿಮ್ಮಡಿ ನೆಲ ಬಿಟ್ಟು ಮೇಲೇರಿ, ಭಾರವೆಲ್ಲ ಬೆರಳುಗಳ ಮೇಲೆ ಬೀಳುತ್ತದೆ. ಮುಂಗಾಲಿನಲ್ಲಿ ‘ಮಂಡಿ’ಯಂತೆ ಕಾಣುವುದು ಮಣಿಕಟ್ಟು. ಹೆಬ್ಬೆರಳು ಸಣ್ಣದಾಗಿ ನೆಲಕ್ಕೆ ತಾಗದೆ ಮೇಲೆ ಉಳಿಯುತ್ತದೆ.

ಎಲ್ಲರೂ ಮರೆಯುವ ಇನ್ನೊಂದು ಮೂಳೆ ಕುತ್ತಿಗೆಯ ಬುಡದ ಕಾಲರ್ ಮೂಳೆ. ನಮ್ಮ ತೋಳು ಅಗಲವಾಗಿ ಚಾಚಿಕೊಳ್ಳುವುದು ಅದರ ಆಸರೆಯಿಂದ. ತೋಳಕ್ಕೆ ಅದು ಇಲ್ಲದಷ್ಟು ಸಣ್ಣದು. ಹೆಗಲ ಮೂಳೆಗಳು ಬೆನ್ನಿನಿಂದ ಪಕ್ಕೆಗೆ ಸರಿಯುತ್ತವೆ, ಎದೆ ಕಿರಿದಾಗಿ ಆಳವಾಗುತ್ತದೆ. ಪರಿಣಾಮ ಏನೆಂದರೆ, ಪೂರ್ತಿ ತೋಳವಾದವನು ಯಾರನ್ನೂ ತಬ್ಬಿ ಹಿಡಿಯಲಾರ, ಮರ ಹತ್ತಲಾರ, ಪಂಜದಿಂದ ಕಪಾಳಕ್ಕೆ ಬೀಸಲಾರ. ತೋಳದ ಆಯುಧ ಬಾಯಿ. ಪಂಜದಿಂದ ಸೀಳಿ ಕೊಲ್ಲುವ ದೃಶ್ಯ ನಿಮಗೆ ಬೇಕೇಬೇಕು ಎಂದಾದರೆ ನಿಮ್ಮ ಪ್ರಾಣಿ ಅರ್ಧ ಮನುಷ್ಯ, ಅರ್ಧ ತೋಳ. ಹಾಗೆಂದು ಮೊದಲೇ ಹೇಳಿ, ಕೊನೆವರೆಗೂ ಹಾಗೇ ಇಡಿ. ನಡುವೆ ಅನುಕೂಲಕ್ಕೆ ತಕ್ಕಂತೆ ಬದಲಿಸುವುದು ಓದುಗನಿಗೆ ಮಾಡುವ ಮೋಸ.

ಹಲ್ಲು 32ರಿಂದ 42ಕ್ಕೆ ಏರಬೇಕು. ಹತ್ತು ಹಲ್ಲಿಗೆ ಜಾಗ ಆಗಬೇಕಾದರೆ ದವಡೆ ಮೊದಲು ಮುಂದಕ್ಕೆ ಬೆಳೆಯಬೇಕು. ದವಡೆ ಬೆಳೆದ ಮೇಲೆ ತುಟಿ ಸೇರುವುದಿಲ್ಲ, ಪ, ಬ, ಮ ಹೊರಡುವುದಿಲ್ಲ. ಹೆಂಡತಿಗೆ ಹೇಳಬೇಕಾದ ಕೊನೆಯ ಮಾತನ್ನು ಅವನು ಅದಕ್ಕೆ ಮುಂಚೆ ಹೇಳಿ ಮುಗಿಸಿರಬೇಕು. ನನ್ನ ಸಲಹೆ ಕೇಳಿದರೆ ಕ್ರಮ ಹೀಗಿರಲಿ: ಮೂಳೆ ಮುಟ್ಟದ ಬದಲಾವಣೆಗಳು ಮೊದಲು, ಅಂದರೆ ವಾಸನೆ, ಕಿವಿ, ಆಮೇಲೆ ಕಣ್ಣು. ನಂತರ ಬೆರಳುಗಳು ಹಿಡಿತ ಕಳೆದುಕೊಳ್ಳಲಿ, ಬಾಗಿಲ ಚಿಲಕ ತೆಗೆಯಲಾಗದೆ ಒದ್ದಾಡಲಿ. ಕೊನೆಗೆ ದವಡೆ, ಬೆನ್ನು. ಭಯ ಹುಟ್ಟುವುದು ಚಿಲಕದ ಹತ್ತಿರ, ಕಿರುಚಾಟದಲ್ಲಲ್ಲ.

ಕಣ್ಣಿನ ಬಗ್ಗೆ ಎರಡು ಎಚ್ಚರ. ತೋಳಕ್ಕೆ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ಕೆಂಪು ಬೇರೆಯಾಗಿ ಕಾಣುವುದಿಲ್ಲ. ತೋಳದ ಕಣ್ಣಿನಿಂದ ಬರೆಯುವ ಅಧ್ಯಾಯದಲ್ಲಿ ‘ಕಡುಗೆಂಪು ನೆತ್ತರು’ ಎಂದು ಬರೆದರೆ ಅದು ತಪ್ಪು. ನೆತ್ತರು ಅದಕ್ಕೆ ಮೊದಲು ವಾಸನೆ, ಆಮೇಲೆ ಬಿಸಿ. ಎರಡನೆಯದು, ತೋಳದ ಕಣ್ಣು ಕತ್ತಲಲ್ಲಿ ತಾನಾಗಿ ಉರಿಯುವುದಿಲ್ಲ. ಕಣ್ಣಿನ ಹಿಂದಿನ ಪದರ ಹೊರಗಿನ ಬೆಳಕನ್ನು ತಿರುಗಿಸಿ ಹೊಳೆಯುತ್ತದೆ, ಅಷ್ಟೆ. ದೃಶ್ಯದಲ್ಲಿ ದೀಪವೋ ದೊಂದಿಯೋ ಇರಲೇಬೇಕು, ಅದೂ ನೋಡುವವನ ಕಡೆ.

ಹೊಟ್ಟೆಯ ವಿಷಯವನ್ನು ಯಾರೂ ಕೇಳುವುದಿಲ್ಲ. ಕಥೆ ಕೆಡುವುದು ಅಲ್ಲೇ. ಹಸಿದ ತೋಳ ಒಂದೇ ಹೊತ್ತಿಗೆ ಎಂಟೊಂಬತ್ತು ಕೆ.ಜಿ. ಮಾಂಸ ತಿನ್ನಬಲ್ಲದು. ಸೂರ್ಯ ಹುಟ್ಟಿದೊಡನೆ ಅಷ್ಟೂ ಹಸಿ ಮಾಂಸ, ಕೂದಲು, ಎಲುಬಿನ ಚೂರು ಮನುಷ್ಯನ ಹೊಟ್ಟೆಯಲ್ಲಿರುತ್ತದೆ. ಆ ಹೊಟ್ಟೆಗೆ ಸಾಮಾನ್ಯವಾಗಿ ಹಿಡಿಸುವುದು ಒಂದೂವರೆ ಲೀಟರ್. ಅವನು ಸಾಯಬೇಕು ಅಥವಾ ಬೆಳಗಾಗುವ ಮೊದಲೇ ಕಕ್ಕಬೇಕು. ತೋಳಗಳು ಮರಿಗಳಿಗೆ ಉಣಿಸಲು ಸುಲಭವಾಗಿ ಕಕ್ಕುತ್ತವೆ, ಅದನ್ನೇ ಬಳಸಿಕೊಳ್ಳಿ. ಊರಾಚೆ ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ಸಿಗುವ ಅರ್ಧ ಜೀರ್ಣವಾದ ಮಾಂಸದ ರಾಶಿಗಿಂತ ಒಳ್ಳೆಯ ಸುಳಿವು ನಿಮ್ಮ ಕಥೆಯ ತಳವಾರನಿಗೆ ಬೇರೆ ಸಿಗುವುದಿಲ್ಲ.

ಗಾಯದ ಸುಳಿವೂ ಇದೆ. ರಾತ್ರಿ ತೋಳಕ್ಕೆ ಬಿದ್ದ ಏಟು ಬೆಳಗ್ಗೆ ಮನುಷ್ಯನ ಮೈಮೇಲೆ ಕಾಣುವುದು ರೋಮನ್ನರ ಕಾಲದಿಂದಲೂ ಬಂದ ಗುರುತು. ಆದರೆ ಜಾಗ ಸರಿಯಾಗಿರಲಿ. ಮುಂಗಾಲಿನ ‘ಮಂಡಿ’ಗೆ ಬಾಣ ಬಿದ್ದಿದ್ದರೆ ಗಾಯ ಮಣಿಕಟ್ಟಿನಲ್ಲಿ ಸಿಗಬೇಕು, ಹಿಂಗಾಲಿನ ಗಂಟಿಗೆ ಬಿದ್ದಿದ್ದರೆ ಹಿಮ್ಮಡಿಯಲ್ಲಿ.

ಇಷ್ಟೆಲ್ಲ ದೇಹದ ರಗಳೆ ಬೇಡವೆನ್ನುವವರಿಗೆ ಹಳೆಯ ದಾರಿಯಿದೆ, ತೋಳದ ಚರ್ಮ ಹೊದೆಯುವುದು. ಉತ್ತರ ಯೂರೋಪಿನ ಒಂದು ವೀರಗಾಥೆಯಲ್ಲಿ ಹೊದ್ದ ಚರ್ಮ ಹತ್ತು ದಿನಕ್ಕೊಮ್ಮೆ ಮಾತ್ರ ಬಿಡುತ್ತದೆ. ಹನ್ನೆರಡನೇ ಶತಮಾನದ ಒಂದು ಫ್ರೆಂಚ್ ಕಥೆಯಲ್ಲಿ ಕಳಚಿಟ್ಟ ಬಟ್ಟೆಯನ್ನು ಹೆಂಡತಿ ಇನ್ನೊಬ್ಬನಿಂದ ಕದಿಸಿಬಿಡುತ್ತಾಳೆ, ಗಂಡ ತೋಳವಾಗಿಯೇ ಉಳಿಯುತ್ತಾನೆ. ನಿಮ್ಮ ನಾಯಕ ಬಟ್ಟೆ ಎಲ್ಲಿಟ್ಟ?

ಪ್ರಶ್ನೆ: ಹುಣ್ಣಿಮೆಯ ಪ್ರಭಾವ ಎಷ್ಟು ಹೊತ್ತು?

ಉತ್ತರ: ಹಳೆಯ ಕಥೆಗಳಲ್ಲಿ ಚಂದ್ರ ಅಲ್ಲಲ್ಲಿ ಬರುತ್ತಾನೆ. ಪ್ರತಿ ಹುಣ್ಣಿಮೆಗೂ ತಪ್ಪದೆ ತೋಳವಾಗುವ ನಿಯಮ ಬಿಗಿಯಾಗಿದ್ದು 1940ರ ದಶಕದ ಹಾಲಿವುಡ್‌ನಿಂದ. ನಿಮಗೆ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಕಾರಣ ಬೆಳದಿಂಗಳೋ ಪೂರ್ಣವಾಗುವ ಕ್ಷಣವೋ ಎಂದು ತೀರ್ಮಾನಿಸಿ. ಬೆಳದಿಂಗಳಾದರೆ ಮೋಡ, ನೆಲಮಾಳಿಗೆ ಅವನನ್ನು ಕಾಪಾಡುತ್ತವೆ. ಕ್ಷಣವಾದರೆ ಪಂಚಾಂಗ ನೋಡಿ. ಹುಣ್ಣಿಮೆ ತಿಥಿ ಮುಗಿಯುವ ಹೊತ್ತೇ ಆ ಕ್ಷಣ, ಅದು ಮಟಮಟ ಮಧ್ಯಾಹ್ನಕ್ಕೂ ಬೀಳಬಹುದು. ಇನ್ನು ‘ನಡುರಾತ್ರಿ ಪೂರ್ಣಚಂದ್ರ ಉದಯಿಸಿದ’ ಎಂದು ದಯವಿಟ್ಟು ಬರೆಯಬೇಡಿ. ಪೂರ್ಣಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ನಡುರಾತ್ರಿಗೆ ಅವನು ನೆತ್ತಿಯ ಕಡೆ ಇರುತ್ತಾನೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ನಿಮ್ಮ ಲೋಕದಲ್ಲಿ ಎರಡು ಚಂದ್ರರಿದ್ದರೆ ಎರಡರ ಪಟ್ಟಿಯನ್ನೂ ಬರೆದಿಟ್ಟುಕೊಂಡೇ ಮೊದಲ ಅಧ್ಯಾಯ ಶುರುಮಾಡಿ.

ಪ್ರಶ್ನೆ: ಗುಂಪಿನ ಆಲ್ಫಾ, ಅಂದರೆ ನಾಯಕ, ಯಾರೆಂದು ಕಾದಾಟದಿಂದ ತೀರ್ಮಾನವಾಗುತ್ತದಲ್ಲವೇ?

ಉತ್ತರ: ಇಲ್ಲ. ಆ ಕಲ್ಪನೆ ಬಂದಿದ್ದು ಬೋನಿನಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳ ಮೇಲೆ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಿಂದ. ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಮನೆತನ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲೇ ಸ್ಪಷ್ಟವಾಗಿ ಬರೆದಾಗಿದೆ.

ಪ್ರಶ್ನೆ: ತೋಳಮನುಷ್ಯನನ್ನು ಕೊಲ್ಲುವ ಬೆಳ್ಳಿ ಗುಂಡನ್ನು ನಾಯಕಿ ಅಡುಗೆ ಒಲೆಯಲ್ಲೇ ಎರಕ ಹೊಯ್ಯಬಹುದೇ?

ಉತ್ತರ: ಸೀಸ 327 ಡಿಗ್ರಿಗೆ ಕರಗುತ್ತದೆ, ಬೆಳ್ಳಿಗೆ 962 ಡಿಗ್ರಿ ಬೇಕು. ಅಕ್ಕಸಾಲಿಯ ಕುಲುಮೆ, ಮೂಸೆ, ತಿದಿ ಇಲ್ಲದೆ ಆಗದು. ಅವಳನ್ನು ಅಕ್ಕಸಾಲಿಯ ಮಗಳನ್ನಾಗಿ ಮಾಡಿ.

ಪ್ರಶ್ನೆ: ತೋಳತನವನ್ನು ತಡೆಯುವ ಕಷಾಯಕ್ಕೆ ವತ್ಸನಾಭಿ ಬಳಸುತ್ತಿದ್ದೇನೆ. ಅಳತೆ ಹೇಳುತ್ತೀರಾ?

ಉತ್ತರ: ಹೇಳುವುದಿಲ್ಲ. ಯೂರೋಪಿನಲ್ಲಿ ತೋಳಕ್ಕೆ ಇಡುವ ವಿಷವೆಂದೇ ಹೆಸರಾದ ಗಿಡದ ಬಂಧು ಅದು. ತುಟಿ, ನಾಲಿಗೆ ಜುಮುಗುಟ್ಟಿ ಮರಗಟ್ಟುತ್ತವೆ, ವಾಂತಿಯಾಗುತ್ತದೆ, ಆಮೇಲೆ ಹೃದಯದ ಬಡಿತ ತಾಳ ತಪ್ಪುತ್ತದೆ. ಅದಕ್ಕೆಂದೇ ಇರುವ ಮದ್ದಿಲ್ಲ. ಕಥೆಯ ಅಳತೆಯನ್ನು ನಿಜವೆಂದು ನಂಬುವ ಓದುಗ ಒಬ್ಬನಿದ್ದರೂ ಸಾಕು, ಅನಾಹುತವಾಗುತ್ತದೆ. ಗಿಡಕ್ಕೆ ನಿಮ್ಮದೇ ಹೆಸರಿಡಿ.

ಪ್ರಶ್ನೆ: ತೋಳಮನುಷ್ಯ ಕಚ್ಚಿದರೆ ಎಷ್ಟು ದಿನಕ್ಕೆ ತೋಳವಾಗುತ್ತಾರೆ?

ಉತ್ತರ: ಕಚ್ಚಿ ಹರಡುವ ಶಾಪವೂ ಹೆಚ್ಚಾಗಿ ಸಿನಿಮಾದ ಬಳುವಳಿ. ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ 1589ರಲ್ಲಿ ತೋಳಮನುಷ್ಯನೆಂದು ಮರಣದಂಡನೆಗೆ ಗುರಿಯಾದ ಪೀಟರ್ ಸ್ಟುಂಪ್ ಚಿತ್ರಹಿಂಸೆಗೆ ಹೆದರಿ ಹೇಳಿದ್ದು ಕಟ್ಟಿಕೊಂಡರೆ ತೋಳವಾಗುವ, ಸೈತಾನ ಕೊಟ್ಟ ನಡುಪಟ್ಟಿಯ ಕಥೆ. ಕಡಿತವೇ ಬೇಕಿದ್ದರೆ ರೇಬೀಸ್‌ನ ನಡೆಯನ್ನು ಅನುಸರಿಸಿ. ವೈರಾಣು ನರದ ದಾರಿಯಲ್ಲಿ ಮಿದುಳಿಗೆ ನಡೆಯುತ್ತದೆ. ಮುಖಕ್ಕೆ ಕಚ್ಚಿದರೆ ಬೇಗ, ಕಾಲಿಗೆ ಕಚ್ಚಿದರೆ ತಡ. ಸಾಮಾನ್ಯವಾಗಿ ಎರಡು–ಮೂರು ತಿಂಗಳು ಹಿಡಿಯುತ್ತದೆ. ಇಷ್ಟು ದಿನ ಸುಮ್ಮನಿರುವ ಗಾಯ ಒಂದಿಡೀ ಕಾದಂಬರಿಗೆ ಸಾಕು.

ಕಥೆಯ ಹೊರಗಿನ ಮಾತು: ನಾಯಿ, ನರಿ, ತೋಳ ಯಾವುದೇ ಕಚ್ಚಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತುವವರ ಹತ್ತಿರ, ತಾಯಿತ ಕಟ್ಟುವವರ ಹತ್ತಿರ ಸುಳಿಯಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ.

ಪ್ರಶ್ನೆ: ಪುಸ್ತಕ ಬಿಡುಗಡೆಯ ದಿನ ಓದುಗರಿಗೆ ನಿಜವಾದ ತೋಳದ ಹಲ್ಲು, ನರಿಕೊಂಬು ಕಾಣಿಕೆ ಕೊಡಬಹುದೇ?

ಉತ್ತರ: ನರಿಗೆ ಕೊಂಬಿಲ್ಲ. ಅದೃಷ್ಟದ ಹೆಸರಿನಲ್ಲಿ ಅದನ್ನು ಮಾರುವವರೆಲ್ಲ ವಂಚಕರು, ಅವರ ಆಸೆಗೆ ನರಿಗಳು ಸಾಯುತ್ತವೆ. ತೋಳದ ಹಲ್ಲು ಇಟ್ಟುಕೊಳ್ಳುವುದು, ಮಾರುವುದು, ಹಂಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೇಲುಕೋಟೆಯಲ್ಲಿ 1974ರಲ್ಲಿ ಅಭಯಾರಣ್ಯ ಮಾಡಿದ್ದೇ ತೋಳಗಳನ್ನು ಉಳಿಸಲು. ಮರದ ಹಲ್ಲು ಕೆತ್ತಿಸಿ ಕೊಡಿ.

ಪ್ರಶ್ನೆ: ತೋಳಮನುಷ್ಯ ಕೆಟ್ಟವನೇ ಆಗಿರಬೇಕೇ?

ಉತ್ತರ: ಬೇಕಿಲ್ಲ. ಈಗಿನ ಲಾಟ್ವಿಯಾಕ್ಕೆ ಸೇರಿದ ಯುರ್ಗೆನ್ಸ್‌ಬುರ್ಗ್‌ನಲ್ಲಿ 1691ರಲ್ಲಿ ತೀಸ್ ಎಂಬ ಮುದುಕ ನ್ಯಾಯಾಲಯದ ಮುಂದೆ ತಾನು ತೋಳಮನುಷ್ಯ ಎಂದು ತಾನೇ ಒಪ್ಪಿಕೊಂಡ. ತಾವು ದೇವರ ಬೇಟೆನಾಯಿಗಳು, ಮಾಟಗಾರರು ನರಕಕ್ಕೆ ಕದ್ದೊಯ್ದ ಬೆಳೆಯ ಬರಕತ್ತನ್ನು ಅಲ್ಲಿಗೆ ಹೋಗಿ ಕಾದಾಡಿ ತರುತ್ತೇವೆ ಎಂದ. ನ್ಯಾಯಾಧೀಶರು ಎಷ್ಟು ಒತ್ತಾಯಿಸಿದರೂ ಸೈತಾನನ ಸಂಗ ಒಪ್ಪಲಿಲ್ಲ. ಕೊನೆಗೆ ಚಾಟಿಯೇಟಿನ ಶಿಕ್ಷೆಯಾಯಿತು. ಬಿತ್ತಿದ ಕಾಳನ್ನು ಕಾಯುವ ತೋಳದ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದರೆ, ಅವರ ಪ್ರಶ್ನೆ ಎಷ್ಟೇ ಉದ್ದವಿದ್ದರೂ ಉತ್ತರಿಸುತ್ತೇನೆ.