ತೂಕ ಇಳಿದದ್ದು ಯಾರ ಹೆಗಲಿನಿಂದ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಜರ್ಮನಿಯ ಬ್ರೂವರಿಯೊಂದು ಬಿಯರನ್ನು ಪುಡಿ ಮಾಡಿದೆಯೆಂಬ ಕಿರು ಟಿಪ್ಪಣಿಯನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿ, ಕೊನೆಯಲ್ಲಿ ‘ದೇವರೇ ಕಾಪಾಡಬೇಕು’ ಎಂದು ಸೇರಿಸಿದ್ದೀರಿ. ಸಾಗಣೆಯ ತೂಕದಲ್ಲಿ ಶೇಕಡಾ 90ರಷ್ಟು ಕಡಿಮೆಯಾದರೆ ಅದು ನಗುವ ವಿಷಯವೇ? ಇನ್‌ಸ್ಟಂಟ್ ಕಾಫಿ ಬಂದಾಗಲೂ ಜನ ಹೀಗೆಯೇ ಮೂಗು ಮುರಿದಿದ್ದರು. ಕುಡಿಯುವವರ ಅನುಮಾನ ಬರೀ ಹಳೆಯ ಚಾಳಿಯೆಂದು ನನಗನ್ನಿಸುತ್ತದೆ. ಜರ್ಮನಿಯಲ್ಲಿರುವ ನನ್ನ ಭಾಮೈದನಿಗೆ ಹೇಳಿದ್ದೇನೆ. ಒಂದು ಪೊಟ್ಟಣ ಸಿಕ್ಕರೆ ನಿಮಗೂ ತಲುಪಿಸುತ್ತೇನೆ. — ಓದುಗ, ದಾವಣಗೆರೆ

ಸಂಪಾದಕರ ಉತ್ತರ: ಮಾವನವರೂ ನಮ್ಮ ಚಂದಾದಾರರಾದ್ದರಿಂದ ಹೆಸರು ಹಾಕಬಾರದೆಂದು ಕೋರಿದ್ದೀರಿ, ಹಾಕಿಲ್ಲ. ಆದರೆ ತಾವು ಟ್ರಾನ್ಸ್‌ಪೋರ್ಟ್ ಆಫೀಸು ನಡೆಸುವವರು ಎಂಬುದನ್ನು ಹೇಳದೆ ನನಗೆ ನಿರ್ವಾಹವಿಲ್ಲ, ಏಕೆಂದರೆ ನಿಮ್ಮ ವಾದದ ಬೇರು ಇರುವುದೇ ಅಲ್ಲಿ. (ದಾವಣಗೆರೆಯಲ್ಲಿ ಅಂಥವರು ಬಹಳ ಮಂದಿ ಇದ್ದಾರೆ, ಗಾಬರಿಯಾಗಬೇಡಿ.) ಬಿಯರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ನೀರು ಎಲ್ಲ ಊರಿನಲ್ಲೂ ಇದೆ, ಹೀಗಿರುವಾಗ ನೀರನ್ನು ಲಾರಿಗೆ ಹೇರಿ ಊರೂರಿಗೆ ಹೊತ್ತು ತಿರುಗುವುದು ದಂಡ ಎಂಬ ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಡೀಸೆಲ್ ಉಳಿಯುವುದು ಒಳ್ಳೆಯದೇ, ಗಾಜಿನ ಸೀಸೆ ತಪ್ಪುವುದೂ ಒಳ್ಳೆಯದೇ. ಇದನ್ನು ಮನಸ್ಸಿನಿಂದಲೇ ಒಪ್ಪುತ್ತೇನೆ. ಆದರೆ ಲೆಕ್ಕವನ್ನು ನೀವು ಲಾರಿಯ ಕಡೆಯಿಂದ ಮಾಡಿದ್ದೀರಿ. ಲೋಟದ ಕಡೆಯಿಂದ ಮಾಡಿಲ್ಲ.

ನಾನು ಆ ಬ್ರೂವರಿಯ ವೈರಿಯಲ್ಲ. ಪೋಲೆಂಡಿನ ಗಡಿಗೆ ಹತ್ತಿರ, ಬ್ರಾಂಡನ್‌ಬರ್ಗ್ ಪ್ರಾಂತದ ನಾಯ್‌ಟ್ಸೆಲ್ಲೆಯಲ್ಲಿ 1268ರಲ್ಲಿ ಸ್ಥಾಪನೆಯಾದ ಕ್ರೈಸ್ತ ಮಠವೊಂದಿದೆ. ಅದರ ಬ್ರೂವರಿಯ ಇತಿಹಾಸ 1589ಕ್ಕೆ ಹೋಗುತ್ತದೆ. 2023ರಲ್ಲಿ ಪುಡಿಯ ಸುದ್ದಿ ಹೊರಟದ್ದು ಅಲ್ಲಿಂದ. ಈ ಬ್ರೂವರಿಯವರು ಮೊದಲಿನಿಂದಲೂ ಸುಮ್ಮನೆ ಕೂರುವ ಪೈಕಿ ಅಲ್ಲ: ಸ್ನಾನದ ತೊಟ್ಟಿಗೆ ಸುರಿದುಕೊಳ್ಳುವ ಬಿಯರ್ ಮಾಡಿದರು, ಮುಪ್ಪನ್ನು ಮುಂದೂಡುವ ಬಿಯರ್ ಎಂದು ಮತ್ತೊಂದನ್ನು ಮಾಡಿದರು. ‘ಕಪ್ಪು ಮಠಾಧಿಪತಿ’ ಎಂಬ ಅರ್ಥದ ಹೆಸರಿನ ಅವರ ಕರಿ ಬಿಯರಿಗೆ ಸಕ್ಕರೆ ಸೇರುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಯರೆಂದು ಕರೆಯಕೂಡದೆಂದು ಅಧಿಕಾರಿಗಳು ಪಟ್ಟು ಹಿಡಿದಾಗ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, 2005ರಲ್ಲಿ ಲೈಪ್‌ಜಿಗ್‌ನ ಕೇಂದ್ರ ಆಡಳಿತ ನ್ಯಾಯಾಲಯದಲ್ಲಿ ಗೆದ್ದು ಬಂದರು. ಆ ಜಗಳದಲ್ಲಿ ನಾನು ಪೂರ್ತಿ ಅವರ ಪಕ್ಷ. 1516ರಲ್ಲಿ ಬವೇರಿಯದ ದೊರೆಗಳು ಬಿಯರಿಗೆ ನೀರು, ಬಾರ್ಲಿ, ಹಾಪ್ಸ್ ಎಂಬ ಕಹಿ ಹೂ ಬಿಟ್ಟು ಬೇರೇನೂ ಬೀಳಬಾರದೆಂದು ಹೊರಡಿಸಿದ ಶುದ್ಧತೆಯ ಕಟ್ಟಳೆಯಲ್ಲಿ ಯೀಸ್ಟಿನ ಹೆಸರೇ ಇಲ್ಲ. ಬಿಯರನ್ನು ಬಿಯರಾಗಿಸುವ ಜೀವಿ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ‘ಶಾಸ್ತ್ರಕ್ಕೆ ವಿರುದ್ಧ’ ಎಂಬ ಕಾರಣಕ್ಕೆ ನಾನು ಪುಡಿಯನ್ನು ದೂರುತ್ತಿಲ್ಲ.

ಪೊಟ್ಟಣದಲ್ಲಿ ಇರುವುದಾದರೂ ಏನು? ಅವರು ಹೇಳಿರುವ ಪ್ರಕಾರ, ಡೆಕ್ಸ್ಟ್ರಿನ್ (ಪಿಷ್ಟ ಒಡೆದಾಗ ಸಿಗುವ, ಸಕ್ಕರೆಯ ಬಳಗದ ವಸ್ತು) ಹೆಚ್ಚಾಗಿರುವ ಆಲ್ಕೋಹಾಲ್‌ರಹಿತ ಬಿಯರನ್ನು ಮಾಮೂಲು ರೀತಿಯಲ್ಲೇ ತಯಾರಿಸಿ, ಅದನ್ನು ಒಣಗಿಸಿ ನೀರಿನಲ್ಲಿ ಕರಗುವ ಪುಡಿಯಾಗಿಸುತ್ತಾರೆ. ಚಮಚದಷ್ಟು ಹಾಕಿ ಕಲಕಿದರೆ ನೊರೆಯೂ ಬರುತ್ತದೆ. ಆಲ್ಕೋಹಾಲ್ ಮತ್ತು ಗುಳ್ಳೆ ಎಬ್ಬಿಸುವ ಗ್ಯಾಸ್ ಮುಂದೆ ಬರಲಿವೆಯಂತೆ. ಮೊಳಕೆ ಬರಿಸಿದ ಬಾರ್ಲಿಯ ಪುಡಿಯನ್ನು ಲೋಟದಲ್ಲಿ ಕಲಕಿ ಕುಡಿಯುವುದು ನಮಗೆ ಹೊಸದೇನಲ್ಲ. ಜ್ವರ ಬಿಟ್ಟ ಮಕ್ಕಳಿಗೆ ಮೂರು ತಲೆಮಾರಿನಿಂದ ಹಾರ್ಲಿಕ್ಸ್ ಕೊಡುತ್ತ ಬಂದಿದ್ದೇವೆ, ರಾಗಿ ಮಾಲ್ಟಿನ ಡಬ್ಬಿಯಿಲ್ಲದ ಅಡುಗೆಮನೆ ನಮ್ಮ ಕಡೆ ಅಪರೂಪ. ಜರ್ಮನಿಯ ಹೊಸ ಆವಿಷ್ಕಾರ ಸದ್ಯಕ್ಕೆ ಹಾಪ್ಸಿನ ಕಹಿ ಬೆರೆತ ಹಾರ್ಲಿಕ್ಸ್ ಎಂದರೆ ನಿಮಗೆ ಕೋಪ ಬರಬಹುದು, ಆದರೆ ವಂಶವೃಕ್ಷದಲ್ಲಿ ಅವೆರಡೂ ದಾಯಾದಿಗಳೇ.

ಇನ್ನು, ಬರಬೇಕಾದ ಆಲ್ಕೋಹಾಲಿನ ಸಂಗತಿ. ಶೇಕಡಾ 5ರ ಬಿಯರಿನಲ್ಲಿ ಲೀಟರಿಗೆ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ತಾನಾಗಿ ಪುಡಿಯಾಗುವ ವಸ್ತುವಲ್ಲ. ಉಂಗುರದಂತಿರುವ ಒಂದು ಬಗೆಯ ಡೆಕ್ಸ್ಟ್ರಿನ್ನಿನೊಳಗೆ ಅದನ್ನು ಬಂಧಿಸಿಡಬೇಕು, ಮತ್ತು ಹಾಗೆ ಬಂಧಿಸಿಡುವ ಡೆಕ್ಸ್ಟ್ರಿನ್ನಿನ ತೂಕ ಆಲ್ಕೋಹಾಲಿನ ತೂಕಕ್ಕಿಂತ ಹೆಚ್ಚು. ಎಂದರೆ ಪುಡಿಯಾದಾಗ ಭಾರವಾಗುವ ಪದಾರ್ಥ ಇದು. ಅಮೆರಿಕದಲ್ಲಿ ‘ಪ್ಯಾಲ್ಕೊಹಾಲ್’ ಎಂಬ ಪುಡಿ ಮದ್ಯಕ್ಕೆ 2015ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗುವಂಥದ್ದು ಇದು ಎಂದು ಹೆದರಿ ಅನೇಕ ರಾಜ್ಯಗಳು ಅದನ್ನು ನಿಷೇಧಿಸಿದವು.

ಗ್ಯಾಸಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಪುಡಿಯಿಂದ ಗುಳ್ಳೆ ಎಬ್ಬಿಸಲು ನಮಗೆಲ್ಲ ಗೊತ್ತಿರುವ ಉಪಾಯ ಈನೋದ್ದು: ಹುಳಿಯೂ ಸೋಡಾಪುಡಿಯೂ ನೀರಿನಲ್ಲಿ ಕೂಡಿದಾಗ ಬುಸ್ಸೆಂದು ನೊರೆ ಏಳುತ್ತದೆ, ಹಿಂದೆ ಉಪ್ಪುಪ್ಪಾದ ರುಚಿಯೊಂದು ಉಳಿಯುತ್ತದೆ. ಮದುವೆಯೂಟದ ಮಾರನೆಯ ಬೆಳಿಗ್ಗೆ ಅದು ಸರಿ, ಮದುವೆಯ ಹಿಂದಿನ ರಾತ್ರಿಯ ಸ್ನೇಹಿತರ ಕೂಟಕ್ಕೆ ಅದು ಸಲ್ಲದು. ಬೇಡ, ಸೋಡಾದಲ್ಲೇ ಕಲಕಿಕೊಳ್ಳುತ್ತೇವೆ ಎನ್ನುತ್ತೀರಾ? ಆ ಸೋಡಾ ಬಾಟಲಿ ನಿಮ್ಮೂರಿಗೆ ಯಾವುದರಲ್ಲಿ ಬರುತ್ತದೆ ಸ್ವಾಮಿ? ಬಹುಶಃ ನಿಮ್ಮದೇ ಲಾರಿಯಲ್ಲಿ. ಮುಂದಿನ ಬಾಗಿಲಿನಿಂದ ಇಳಿಸಿದ ನೀರನ್ನು ಹಿಂದಿನ ಬಾಗಿಲಿನಿಂದ ಹತ್ತಿಸಿಕೊಂಡ ಹಾಗಾಯಿತು.

ನೀರಿನ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಪುಡಿಯ ವಕೀಲರು ನೀರನ್ನು ಬರಿಯ ಹೊರೆಯೆಂದು ಎಣಿಸುತ್ತಾರೆ. ಬಿಯರಿನ ಚರಿತ್ರೆ ಹೇಳುವುದು ಇದಕ್ಕೆ ವಿರುದ್ಧವಾಗಿ. ಇಂಗ್ಲೆಂಡಿನ ಬರ್ಟನ್ ಎಂಬ ಊರಿನ ಬಾವಿಗಳಲ್ಲಿ ಜಿಪ್ಸಮ್ ಹೇರಳವಾಗಿತ್ತು. ಆ ಗಡಸು ನೀರಿನಲ್ಲಿ ಹಾಪ್ಸಿನ ಕಹಿ ಖಡಕ್ಕಾಗಿ ನಿಲ್ಲುತ್ತಿದ್ದುದರಿಂದ ಅಲ್ಲಿನ ‘ಪೇಲ್ ಏಲ್’ ಎಂಬ ತಿಳಿಬಣ್ಣದ ಬಿಯರ್ ಪ್ರಸಿದ್ಧವಾಯಿತು. ಲಂಡನ್ನಿನ ದೊಡ್ಡ ಬ್ರೂವರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆ ನೀರಿಗಾಗಿಯೇ ಬರ್ಟನ್ನಿಗೆ ಹೋಗಿ ಕಟ್ಟಡ ಕಟ್ಟಿಸಿಕೊಂಡವು. ಅತ್ತ ಬೊಹೀಮಿಯದ (ಇಂದಿನ ಚೆಕ್ ದೇಶದ) ಪಿಲ್ಸೆನ್‌ನಲ್ಲಿ ನೀರು ಬಹಳ ಮೆದು. 1842ರಲ್ಲಿ ಅದರಿಂದ ಹೊರಬಂದ ಹೊಂಬಣ್ಣದ ಬಿಯರಿನ ಸಂತತಿಯೇ ಇಂದು ಲೋಕದ ತುಂಬ ಹರಿಯುತ್ತಿರುವುದು. ಒಣಗಿಸಿದ ಪುಡಿಯಲ್ಲಿ ಬ್ರೂವರಿಯ ನೀರಿನ ಲವಣ ಉಳಿದಿರುತ್ತದೆ. ಅದರ ಮೇಲೆ ನೀವು ನಿಮ್ಮ ಬೋರ್‌ವೆಲ್ಲಿನ ಲವಣವನ್ನು ಸುರಿಯುತ್ತೀರಿ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲವೆಂದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ದಿನದ ಕಾಫಿಯೇ ಬೇರೆ, ಟ್ಯಾಂಕರ್ ಬಂದ ದಿನದ ಕಾಫಿಯೇ ಬೇರೆ. ಇಷ್ಟು ತಿಳಿದ ಜನರಿಗೆ ‘ಯಾವ ನೀರಾದರೂ ನಡೆಯುತ್ತದೆ’ ಎಂದು ಹೇಳುವುದಕ್ಕೆ ಬಹಳ ಧೈರ್ಯ ಬೇಕು.

ಕಾಫಿಯನ್ನು ನೀವೇ ಎತ್ತಿದ್ದೀರಿ, ಒಳ್ಳೆಯದಾಯಿತು. ಬ್ರೆಜಿಲ್‌ನಲ್ಲಿ ಮಾರಾಟವಾಗದೆ ಬಿದ್ದ ಕಾಫಿ ಬೀಜವನ್ನು ಏನು ಮಾಡುವುದೆಂಬ ಚಿಂತೆಯಿಂದ ಹುಟ್ಟಿ, 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದ ನೆಸ್ಕೆಫೆ ಯುದ್ಧಕಾಲದ ಸೈನಿಕರ ಕೈಚೀಲ ಸೇರಿ ಲೋಕವನ್ನು ಗೆದ್ದಿತೆಂಬುದು ನಿಜ. ನಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದೆ. ಮೊದಲ ಸಲ ಅದನ್ನು ತಂದ ದಿನ ನನ್ನ ತಾಯಿ ಎರಡು ಗುಟುಕು ಕುಡಿದು, ಲೋಟ ಕೆಳಗಿಟ್ಟು, “ಇದಕ್ಕೆ ಹಾಲು ದಂಡ” ಎಂದರು. ಆಮೇಲೆ ಆ ಡಬ್ಬಿಗೆ ಮನೆಯಲ್ಲಿ ಒಂದು ಸ್ಥಾನ ನಿಗದಿಯಾಯಿತು: ಡಿಕಾಕ್ಷನ್ ಮುಗಿದ ಮೇಲೆ ಬಂದ ನೆಂಟರಿಗೆ. ಇನ್‌ಸ್ಟಂಟ್ ಕಾಫಿ ಗೆದ್ದದ್ದು ಹೀಗೆ, ಫಿಲ್ಟರ್ ಇಲ್ಲದ ಕಡೆ ಮತ್ತು ಫಿಲ್ಟರ್ ಬರಿದಾದ ಹೊತ್ತಿನಲ್ಲಿ. ಜೊತೆಗೆ ಇನ್ನೊಂದು ಮುಖ್ಯ ವ್ಯತ್ಯಾಸವನ್ನು ನೀವು ಗಮನಿಸಿಲ್ಲ. ಕಾಫಿ ನಮಗೆ ತಲುಪುತ್ತಿದ್ದದ್ದೇ ಪುಡಿಯಾಗಿ, ನೀರು ಕಾಯಿಸಿ ಬೆರೆಸುವ ಕೆಲಸ ಯಾವತ್ತೂ ಕುಡಿಯುವವರ ಮನೆಯದೇ ಆಗಿತ್ತು, ಪುಡಿ ಅದನ್ನು ಹಗುರ ಮಾಡಿತು. ಬಿಯರಿನಲ್ಲಿ ಕೆಲಸವೆಲ್ಲ ಬ್ರೂವರಿಯದು, ಕುಡಿಯುವವನ ಕೆಲಸ ಮುಚ್ಚಳ ತೆಗೆಯುವುದಷ್ಟೇ. ಈಗ ಅವನು ನೀರು ಸೋಸಬೇಕು, ತಣ್ಣಗಾಗಿಸಬೇಕು, ಗ್ಯಾಸ್ ಹೊಂದಿಸಬೇಕು, ಕಲಕಬೇಕು, ಗಂಟು ಕಟ್ಟದಂತೆ ನೋಡಬೇಕು. ಲಾರಿಯಿಂದ ಇಳಿದ ತೂಕ ಎಲ್ಲಿಗೆ ಹೋಯಿತೆಂದು ಹುಡುಕಿದರೆ ಅದು ಅವನ ಹೆಗಲ ಮೇಲೆ ಕೂತಿರುತ್ತದೆ.

ಕುಡಿಯುವವರು ಹೊಸತನ್ನು ಕಂಡರೆ ಆಗದವರು ಎಂಬ ಆರೋಪವನ್ನು ಮಾತ್ರ ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ. 1870ರ ದಶಕದಲ್ಲಿ ಜರ್ಮನ್ ಎಂಜಿನಿಯರ್ ಲಿಂಡೆಯ ಶೀತಲಯಂತ್ರ ಮ್ಯೂನಿಕ್‌ನ ಬ್ರೂವರಿಗೆ ಬಂದಾಗ ಯಾರೂ ಬೇಡವೆನ್ನಲಿಲ್ಲ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಪ್ರಯೋಗಾಲಯದಲ್ಲಿ ವಿಜ್ಞಾನಿ ಹಾನ್ಸೆನ್ ಒಂದೇ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದಾಗಲೂ ಅನ್ನಲಿಲ್ಲ. ತೂಕದ ಮಾತನ್ನೇ ತೆಗೆದುಕೊಳ್ಳಿ: 1935ರ ಜನವರಿಯಲ್ಲಿ ಕ್ರೂಗರ್ ಎಂಬ ಅಮೆರಿಕದ ಬ್ರೂವರಿ ಡಬ್ಬಿಯಲ್ಲಿ ತುಂಬಿದ ಬಿಯರನ್ನು, ಜನ ಏನನ್ನುತ್ತಾರೋ ಎಂಬ ಅಳುಕಿನಿಂದಲೇ, ತನ್ನೂರಿನಿಂದ ದೂರದ ರಿಚ್ಮಂಡ್‌ನಲ್ಲಿ ಮಾರಿ ನೋಡಿತು. ಜನ ಸಂತೋಷದಿಂದ ಕೊಂಡರು. ಡಬ್ಬಿ ಸೀಸೆಗಿಂತ ಹಗುರ, ಹಿಂತಿರುಗಿಸುವ ರಗಳೆಯಿಲ್ಲ, ಒಳಗಿರುವುದು ಬಿಯರೇ. ಹಗುರವಾಗುವುದಕ್ಕೆ ಯಾರ ತಕರಾರೂ ಇಲ್ಲ; ಯಾವುದು ಹಗುರವಾಯಿತು ಎಂಬುದಷ್ಟೇ ಪ್ರಶ್ನೆ.

ಅನುಮಾನಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ಅಲ್ಲಿ ಪೀಪಾಯಿಯೊಳಗೆ ಜೀವಂತ ಯೀಸ್ಟಿನೊಂದಿಗೆ ಕೊನೆಯವರೆಗೂ ಹದವಾಗುತ್ತಿದ್ದ ಏಲ್ ಇತ್ತು. ಅದನ್ನು ನೋಡಿಕೊಳ್ಳಲು ಪಬ್ಬಿನವನಿಗೆ ಕಸುಬು ತಿಳಿದಿರಬೇಕಿತ್ತು. ದೊಡ್ಡ ಕಂಪನಿಗಳು ಅದರ ಬದಲು ಸೋಸಿ, ಪಾಶ್ಚೀಕರಿಸಿ, ಗ್ಯಾಸಿನಿಂದ ತಳ್ಳಿ ಹೊರಬರುವ, ‘ಕೆಗ್’ ಎಂಬ ಲೋಹದ ಪೀಪಾಯಿಯ ಬಿಯರನ್ನು ತಂದವು. ಅದು ಕೆಡುವುದಿಲ್ಲ, ಯಾವ ಹುಡುಗನಾದರೂ ನಲ್ಲಿ ತಿರುಗಿಸಿ ಕೊಡಬಹುದು. ಎಲ್ಲ ಅನುಕೂಲವೂ ಮಾರುವವರದೇ, ಕುಡಿಯುವವನಿಗೆ ಸಿಕ್ಕಿದ್ದು ಸಪ್ಪೆ ನೊರೆ. 1971ರಲ್ಲಿ ಐರ್ಲೆಂಡಿಗೆ ಪ್ರವಾಸ ಹೋಗಿದ್ದ ನಾಲ್ವರು ಇಂಗ್ಲಿಷ್ ಗೆಳೆಯರು ಕುಡಿಯುತ್ತ ಗೊಣಗುತ್ತ ಒಂದು ಸಂಘ ಕಟ್ಟಿದರು. ಅದೇ ಇಂದಿನ ‘ಕ್ಯಾಮ್ರಾ’, ಎಂದರೆ ಅಸಲಿ ಏಲ್‌ಗಾಗಿ ಚಳವಳಿ. ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ, ಪೀಪಾಯಿಯ ಏಲ್ ಸತ್ತಿಲ್ಲ. ಆಗಲೂ ಕಂಪನಿಗಳು ಇವರನ್ನು ಹಳೆಯ ಚಾಳಿಯ ಜನ ಎಂದೇ ಭಾವಿಸಿದ್ದಿರಬೇಕು.

ನನ್ನನ್ನು ನಿಜವಾಗಿ ಚುಚ್ಚಿದ್ದು ಆ ಸುದ್ದಿಯ ಇನ್ನೊಂದು ಸಾಲು. ಪುಡಿಯ ದೊಡ್ಡ ಮಾರುಕಟ್ಟೆಯೆಂದು ಬ್ರೂವರಿ ಎಣಿಸಿರುವುದು ದೂರದ ಏಷ್ಯಾ ಮತ್ತು ಆಫ್ರಿಕಾಗಳನ್ನು. ಪೀಪಾಯಿ ಅವರಿಗೆ, ಪೊಟ್ಟಣ ನಮಗೆ. ಒಂದು ಕಾಲದಲ್ಲಿ ಬರ್ಟನ್ನಿನ ಏಲ್ ಪೀಪಾಯಿಗಳಲ್ಲೇ ತಿಂಗಳುಗಟ್ಟಲೆ ಹಡಗಿನಲ್ಲಿ ತೂಗಾಡಿ ಕಲ್ಕತ್ತೆಗೆ ಬರುತ್ತಿತ್ತು, ನೀರಿನ ಸಮೇತ. ಆ ಭಾರದ ಸಮಸ್ಯೆಗೆ ಉತ್ತರ ಯಾವಾಗಲೋ ಸಿಕ್ಕಾಗಿದೆ: ಇಲ್ಲಿಯೇ ಭಟ್ಟಿ ಹೂಡುವುದು. ದಕ್ಷಿಣ ಭಾರತದ ಬ್ರೂವರಿಗಳನ್ನು ಕೂಡಿಸಿ ಥಾಮಸ್ ಲೀಶ್‌ಮನ್ 1915ರಲ್ಲಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಬೆಂಗಳೂರಿನದೇ ಸಂಸ್ಥೆಯಾಗಿ ಬೆಳೆಯಿತು. ಈಗಂತೂ ಆ ಊರಿನ ಮೈಕ್ರೋಬ್ರೂವರಿಗಳಲ್ಲಿ ಬಿಯರ್ ಹುದುಗುವ ತೊಟ್ಟಿಗೂ ಗಿರಾಕಿಯ ಮೇಜಿಗೂ ನಡುವೆ ಒಂದು ಗಾಜಿನ ಗೋಡೆಯಷ್ಟೇ ಅಂತರ. ಅಲ್ಲಿ ಲಾರಿಗೆ ಕೆಲಸವೇ ಇಲ್ಲ. ನಿಮ್ಮ ಧಂಧೆಗೆ ಇದು ಹಿತವಾದ ಮಾತಲ್ಲವೆಂದು ಬಲ್ಲೆ, ಆದರೆ ಡೀಸೆಲ್ಲಿನ ಪ್ರಶ್ನೆ ಎತ್ತಿದವರು ನೀವು.

ಪುಡಿಯ ಮೇಲೆ ನನಗಿರುವ ಸಿಟ್ಟು ಬಿಯರಿನದು ಮಾತ್ರವಲ್ಲ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ. ಕಳೆದ ವರ್ಷ ಹೆದ್ದಾರಿಯ ಒಂದು ಹೋಟೆಲಿನಲ್ಲಿ ಕಾಫಿ ಕೇಳಿದೆ. ಮಾಣಿ ಒಂದು ಲೋಟ ಬಿಸಿನೀರು, ಎರಡು ಪೊಟ್ಟಣ, ಒಂದು ಕಡ್ಡಿ ತಂದಿಟ್ಟು ಹೋದ. ಒಂದು ಪೊಟ್ಟಣ ಕಾಫಿ, ಇನ್ನೊಂದು ಹಾಲಿನಪುಡಿ. ಕಲಕಿದವನು ನಾನು, ಬಿಲ್ಲಿನಲ್ಲಿ ಸೇವಾಶುಲ್ಕ ಅವರದು. ಹಿಂದೆ ಸಂಚಿಕೆ ಅಚ್ಚಿಗೆ ಹೋದ ಸಂಜೆಗಳಲ್ಲಿ ಕಂಪೋಸಿಂಗಿನ ಗೆಳೆಯರೊಂದಿಗೆ ಒಂದು ಮಗ್ ಡ್ರಾಟ್ ಬಿಯರಿನ ಮುಂದೆ ಕೂರುತ್ತಿದ್ದೆ (ಸಕ್ಕರೆ ಕಾಯಿಲೆ ಬಂದ ಮೇಲೆ ಅದೂ ತಪ್ಪಿತು). ದಿನವಿಡೀ ಪ್ರೂಫ್ ತಿದ್ದಿ ಬಂದವರು ನಾವು. ಇನ್ನೊಬ್ಬರು ಪೂರ್ತಿ ಮುಗಿಸಿದ ಕೆಲಸ ತಣ್ಣಗೆ ಮೇಜಿಗೆ ಬಂದು ಕೂರುತ್ತಿತ್ತು, ನಾವು ಅದಕ್ಕೇ ದುಡ್ಡು ಕೊಡುತ್ತಿದ್ದೆವು. ಆ ಹೊತ್ತಿಗೆ ಯಾರಾದರೂ ಚಮಚ ಕೈಗೆ ಕೊಟ್ಟಿದ್ದರೆ ನಮ್ಮ ಕಂಪೋಸಿಟರ್ ಏನನ್ನುತ್ತಿದ್ದನೋ ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಭಾಮೈದನವರಿಗೆ ಪೊಟ್ಟಣ ಸಿಕ್ಕರೆ ಖಂಡಿತ ಕಳುಹಿಸಿ. ಕುಡಿಯಲು ನನಗೆ ಅನುಮತಿಯಿಲ್ಲದಿದ್ದರೂ ಆಲ್ಕೋಹಾಲ್ ಇಲ್ಲದ್ದೆಂದು ವೈದ್ಯರಿಗೆ ಹೇಳಿ ಒಂದು ಗುಟುಕಿಗೆ ಒಪ್ಪಿಸುತ್ತೇನೆ. ನಮ್ಮ ಕಚೇರಿಯ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು. ಹಾಗಾಗಿ ನೀರನ್ನು ಮಾತ್ರ ದಾವಣಗೆರೆಯಿಂದಲೇ, ನಿಮ್ಮ ಲಾರಿಯಲ್ಲಿ, ಕಳುಹಿಸಿಕೊಡಬೇಕಾಗಿ ವಿನಂತಿ.